ಒಂದೇ ಕೇಬಲ್ಲಿನಲ್ಲಿ ಡೇಟಾನೂ ರಿಲೇನೂ?

ಪ್ರಶ್ನೆ: ಮನೆಯಿಂದ ತೋಟದ ಪಂಪ್‌ಹೌಸ್‌ಗೆ 150 ಮೀಟರ್. ಆರ್‌ಎಸ್-485 (ಎರಡು ತಂತಿಯಲ್ಲಿ ಡೇಟಾ ಕಳಿಸುವ ಪದ್ಧತಿ) ಮೀಟರಿನ ರೀಡಿಂಗ್ ಮನೆಗೆ ಬರಬೇಕು, 24 ವೋಲ್ಟ್ ಡಿಸಿ ರಿಲೇ (ಕರೆಂಟು ಕೊಟ್ಟರೆ ಆನ್ ಆಗುವ ಸ್ವಿಚ್ಚು) ಅಲ್ಲಿ ಆನ್ ಆಗಬೇಕು. ಎರಡಕ್ಕೂ ಒಂದೇ ಕ್ಯಾಟ್-5 ಕೇಬಲ್ ಸಾಕಾ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಕು, ಅದರಲ್ಲಿ ಎರಡೆರಡು ತಂತಿ ಹೊಸೆದ ನಾಲ್ಕು ಜೋಡಿ ಇರುತ್ತವೆ. ನಾನೂ ಹೀಗೆ ಎಳೆದಿದ್ದೇನೆ, ಮೊದಲ ಸಲ ಪೆಟ್ಟೂ ತಿಂದಿದ್ದೇನೆ. ಡೇಟಾದ ಎರಡು ತಂತಿಗಳಲ್ಲಿ ಎ ತಂತಿಯನ್ನು ನೀಲಿ ಜೋಡಿಯಿಂದ, ಬಿ ತಂತಿಯನ್ನು ಕಿತ್ತಳೆ ಜೋಡಿಯಿಂದ ತೆಗೆದುಕೊಂಡಿದ್ದೆ. ರಿಲೇ ಟಕ್ ಅಂದಾಗಲೆಲ್ಲ ರೀಡಿಂಗ್ ಮಾಯ! ಎ, ಬಿ ಎರಡೂ ಒಂದೇ ಹೊಸೆದ ಜೋಡಿಯಲ್ಲಿ ಇರಬೇಕು. ಆಗ ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರ ತಗಲುತ್ತದೆ. ರಿಸೀವರ್ ನೋಡುವುದು ಅವೆರಡರ ವ್ಯತ್ಯಾಸವನ್ನು ತಾನೇ? ರಿಲೇಯ ಪ್ಲಸ್, ಮೈನಸ್ ಇನ್ನೊಂದು ಜೋಡಿಯಲ್ಲಿ ಹೋಗಲಿ. ಮೂರನೆಯದರಲ್ಲಿ ಎರಡೂ ಕಡೆಯ ಸಿಗ್ನಲ್ ಗ್ರೌಂಡ್ (ಡೇಟಾದ ಸೊನ್ನೆ ವೋಲ್ಟ್ ತುದಿ) ಸೇರಿಸಿ.

ಗದ್ದಲ ಹುಟ್ಟುವುದು ರಿಲೇಯೊಳಗಿನ ತಂತಿ ಸುರುಳಿಯಲ್ಲಿ, ಅಂದರೆ ಕಾಯಿಲಿನಲ್ಲಿ. ಆಫ್ ಆಗುವ ಕ್ಷಣ ಅದು ನೂರಾರು ವೋಲ್ಟ್ ಒದೆಯಬಲ್ಲದು. ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗಿರಲಿ. ಚಿಲ್ಲರೆ ಕಾಸಿನ ಕೆಲಸ, ಆದರೆ ಜಾಸ್ತಿ ಜನ ಮರೆಯುವುದೂ ಇದನ್ನೇ. ಡೇಟಾ ಜೋಡಿಯ ಎರಡೂ ತುದಿಗೆ, ಎ-ಬಿ ನಡುವೆ, 120 ಓಮ್ ರೆಸಿಸ್ಟರ್ ಹಾಕಿ. ಪಂಪಿನ ಕರೆಂಟ್ ವೈರನ್ನು ಮಾತ್ರ ಇದೇ ಪೈಪಿನೊಳಗೆ ತೂರಿಸಬೇಡಿ, ಅದಕ್ಕೆ ಬೇರೆ ಪೈಪು.