ಜಿಮೇಲ್ ಒಳಗೆ ಪರಿಚಯದವರಿದ್ರೆ ಬಲ್ಕ್ ಮೇಲ್ ಇನ್‌ಬಾಕ್ಸ್‌ಗೆ ಬೀಳುತ್ತಾ?

ಗೋಣಿಕೊಪ್ಪದಲ್ಲಿ ಹೋಂಸ್ಟೇ, ಹಳೇ ಗೆಸ್ಟ್‌ಗಳಿಗೆ ಆಫರ್ ಮೇಲ್ ಹಾಕಿದ್ರೆ ಎಲ್ಲಾ ಸ್ಪ್ಯಾಮ್‌ಗೆ ಹೋಗ್ತಿದೆ, ಒಬ್ಬ ಏಜೆಂಟ್ "ಜಿಮೇಲ್ ಒಳಗೆ ನಮ್ಮೋರಿದಾರೆ, ದುಡ್ಡು ಕೊಟ್ರೆ ವೈಟ್‌ಲಿಸ್ಟ್ ಮಾಡಿಸ್ತೀನಿ" ಅಂತಿದಾನೆ, ಕೊಡ್ಲಾ ಅಂತ ಕೇಳಿದೀರಿ. ಕೊಡ್ಬೇಡಿ. ಜಿಮೇಲ್‌ನವರು ಹಂಗೆ ವೈಟ್‌ಲಿಸ್ಟ್‌ಗೆ, ಅಂದ್ರೆ ಸ್ಪ್ಯಾಮ್‌ಗೆ ಹಾಕ್ದೆ ಬಿಡೋರ ಪಟ್ಟಿಗೆ, ಸೇರಿಸಿ ಅನ್ನೋ ರಿಕ್ವೆಸ್ಟೇ ತಗೊಳ್ಳಲ್ಲ. ನಮ್ಮ ಕಡೆ ಏನೇ ಕೆಲ್ಸ ಆಗ್ಬೇಕಾದ್ರೂ ಮೊದ್ಲು "ಅಲ್ಲಿ ಯಾರಾದ್ರೂ ಗೊತ್ತಿದಾರಾ" ಅಂತ ಕೇಳ್ತೀವಲ್ಲ, ಅದು ಇಲ್ಲಿ ನಡೆಯಲ್ಲ.

ನಾನು ಕುಶಾಲನಗರದಲ್ಲಿ ಎಸ್ಟೇಟ್, ಹೋಂಸ್ಟೇಗಳ ವೆಬ್‌ಸೈಟ್, ಮೇಲಿಂಗ್ ನೋಡ್ಕೊಳ್ಳೋನು. ಇಲ್ಲಿ ಸಂಬಂಧ ಅಂದ್ರೆ ಅವರು ಇಟ್ಟಿರೋ ಕಿಟಕಿಗಳಲ್ಲಿ ರಿಜಿಸ್ಟರ್ ಆಗಿ, ಬಂದ ದೂರಿಗೆ ತಕ್ಷಣ ಕಿವಿಗೊಡೋದು, ಅಷ್ಟೇ. ಜಿಮೇಲ್ ನಡೆಸೋ ಗೂಗಲ್‌ದು ಪೋಸ್ಟ್‌ಮಾಸ್ಟರ್ ಟೂಲ್ಸ್ ಅಂತ ಇದೆ, ನೀವು ಕಳ್ಸಿದ ಮೇಲ್‌ಗಳ ಗತಿ ತೋರಿಸೋ ಸೈಟ್, ಫ್ರೀ. ಅದ್ರಲ್ಲಿ ಸ್ಪ್ಯಾಮ್ ರೇಟ್ ನೋಡಿ, 0.1 ಪರ್ಸೆಂಟ್ ಒಳಗಿರ್ಬೇಕು, 0.3 ಮುಟ್ಲೇಬಾರ್ದು. ಅಂದ್ರೆ ಇನ್‌ಬಾಕ್ಸ್‌ಗೆ ಹೋದ ಸಾವಿರ ಮೇಲ್‌ಗೆ ಮೂರು ಜನ ಸ್ಪ್ಯಾಮ್ ಒತ್ತಿದ್ರೂ ಕಥೆ ಮುಗೀತು. ಆದ್ರೆ ಯಾರು ಒತ್ತಿದ್ರು ಅಂತ ಗೂಗಲ್ ಹೇಳಲ್ಲ. ಯಾಹೂ ಫೀಡ್‌ಬ್ಯಾಕ್ ಲೂಪ್‌ಗೆ, ಔಟ್‌ಲುಕ್, ಹಾಟ್‌ಮೇಲ್ ನಡೆಸೋ ಮೈಕ್ರೋಸಾಫ್ಟ್‌ನ ಅಂಥದ್ದೇ ಜೆಎಂಆರ್‌ಪಿಗೆ ಸೇರಿದ್ರೆ ದೂರು ಕೊಟ್ಟ ಮೇಲ್‌ನ ರಿಪೋರ್ಟ್ ನಿಮಗೇ ಬರುತ್ತೆ, ಆ ಅಡ್ರೆಸ್‌ನ ಅವತ್ತೇ ಲಿಸ್ಟಿಂದ ತೆಗೀರಿ. ಮೇಲ್ ನಿಜವಾಗ್ಲೂ ನಿಮ್ಮ ಡೊಮೈನ್‌ದೇ (ವೆಬ್‌ಸೈಟ್ ಹೆಸರಿಂದೇ) ಅಂತ ತೋರಿಸೋ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರೂ ಹಾಕ್ಸಿ. ಜಿಮೇಲ್ ಐಡಿಗಳಿಗೆ ದಿನಕ್ಕೆ 5000 ದಾಟಿ ಕಳ್ಸೋರಿಗೆ 2024ರ ಫೆಬ್ರವರಿಯಿಂದ ಜಿಮೇಲ್ ಅದನ್ನ ಕಡ್ಡಾಯ ಮಾಡಿದೆ, ನಿಮ್ದು ಕಮ್ಮಿ ಇದ್ರೂ ಹಾಕ್ಸೋದೇ ಒಳ್ಳೇದು. ಒಂದೇ ಕ್ಲಿಕ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಆಗೋ ಹಂಗಿರ್ಲಿ. ಆ ಬಟನ್ ಬಚ್ಚಿಟ್ರೆ ಜನ ಸ್ಪ್ಯಾಮ್ ಬಟನ್ನೇ ಒತ್ತೋದು.

ನಮ್ಮ ಜಿಲ್ಲೆಯವರ ದೊಡ್ಡ ತೊಂದ್ರೆ ಬೇರೇನೇ. ಜೂನಿಂದ ಮಳೆ ಮುಗಿಯೋವರೆಗೂ ಒಂದು ಮೇಲ್ ಇಲ್ಲ, ಆಮೇಲೆ ಡಿಸೆಂಬರ್ ರಜೆ ಹತ್ರ ಬಂತು ಅಂತ ಐದಾರು ವರ್ಷದ ಲಿಸ್ಟ್ ಪೂರ್ತಿ ಒಂದೇ ರಾತ್ರಿ ಬಿಡ್ತಾರೆ, ಅದ್ರಲ್ಲಿ ಅರ್ಧ ಬೆಂಗಳೂರಿನವರ ಕಂಪನಿ ಐಡಿ, ಅವರು ಆ ಕೆಲ್ಸ ಬಿಟ್ಟು ಎಷ್ಟೋ ಕಾಲ ಆಗಿರುತ್ತೆ, ಸಾಲಾಗಿ ಬೌನ್ಸ್, ಅಂದ್ರೆ ತಲುಪದೆ ವಾಪಸ್. ಸುಮ್ನಿದ್ದ ಐಪಿಯಿಂದ (ಮೇಲ್ ಕಳ್ಸೋ ಸರ್ವರ್‌ನ ನಂಬರ್) ಒಮ್ಮೆಲೇ ಪ್ರವಾಹ ಬಂದ್ರೆ ಜಿಮೇಲ್, ಯಾಹೂ ಥರ ಯಾವ ಪ್ರೊವೈಡರ್‌ಗೂ ಅನುಮಾನ ಬರುತ್ತೆ. ಮೊದ್ಲು ಇತ್ತೀಚೆಗೆ ಬಂದು ಹೋದವರಿಗೆ ಮಾತ್ರ ಕಳ್ಸಿ, ದಿನಾ ಸ್ವಲ್ಪ ಸ್ವಲ್ಪ ಏರಿಸಿ. ಅವರ ಸರ್ವರ್‌ನಿಂದ 421 ಥರ ನಾಲ್ಕರಿಂದ ಶುರುವಾಗೋ, ಈಗ ಬೇಡ ಆಮೇಲೆ ಕಳ್ಸಿ ಅನ್ನೋ ಕೋಡ್ ಬಂದ್ರೆ ಸ್ಪೀಡ್ ಇಳಿಸಿ. 550 ಬಂದು ಅಂಥ ಯೂಸರ್ ಇಲ್ಲ ಅಂದ್ರೆ ಆ ಐಡಿ ಅಳಿಸಿ. ಮತ್ತೆ ಮನೆ ಫೈಬರ್ ಕನೆಕ್ಷನ್‌ನಿಂದ ನೇರ ಕಳ್ಸೋಕೆ ಹೋಗ್ಬೇಡಿ, ಅಂಥ ಐಪಿಗಳು ಬಹುತೇಕ ಸ್ಪ್ಯಾಮ್ ತಡೆಯೋ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲೇ, ಅಂದ್ರೆ ನೇರ ಮೇಲ್ ಕಳ್ಸಬಾರದ ಐಪಿಗಳ ಪಟ್ಟಿಯಲ್ಲೇ ಇರುತ್ವೆ.

ಬ್ಲಾಕ್ ಆದ್ರೆ ಆ ಪ್ರೊವೈಡರ್‌ನ ಫಾರ್ಮ್‌ನಲ್ಲಿ ಬರೀರಿ. "ನಮ್ದು ಸ್ಪ್ಯಾಮ್ ಅಲ್ಲ ಸಾರ್" ಅಂದ್ರೆ ಯಾರೂ ಓದಲ್ಲ. ಐಪಿ, ಡೊಮೈನ್, ಬೌನ್ಸ್ ಸಾಲು (ವಾಪಸ್ ಬಂದಾಗ ಬರೋ ಎರರ್ ಮೆಸೇಜ್) ಪೂರ್ತಿ, ಅಡ್ರೆಸ್ ಎಲ್ಲಿ ಸಿಕ್ತು, ಈಗ ಏನು ಸರಿ ಮಾಡಿದೀರಿ, ಇಷ್ಟು ಸಾಕು. ಮೊದ್ಲು ಬರೋ ಉತ್ತರ ಸಾಮಾನ್ಯವಾಗಿ ಮಷೀನ್‌ದು, ಬೇಜಾರಾಗ್ದೆ ಅದಕ್ಕೇ ರಿಪ್ಲೈ ಮಾಡಿ. ಅವರು ತಿರುಗಿ ಬರೆದ್ರೆ ತಲುಪೋಕೆ ನಿಮ್ಮ ಡೊಮೈನ್‌ನಲ್ಲಿ ಪೋಸ್ಟ್‌ಮಾಸ್ಟರ್, ಅಬ್ಯೂಸ್ ಅನ್ನೋ ಎರಡು ಐಡಿ ಇರ್ಲಿ, ಅದನ್ನ ಯಾರಾದ್ರೂ ಓದ್ತಾನೂ ಇರ್ಲಿ.

ಈಗ ಬಂದಿರೋ ಬೌನ್ಸ್ ಸಾಲು ಇದ್ರೆ ಇಲ್ಲೇ ಪೇಸ್ಟ್ ಮಾಡಿ ನೋಡೋಣ, ಗೆಸ್ಟ್‌ಗಳ ಐಡಿ ಮಾತ್ರ ಅಳಿಸಿ ಹಾಕಿ.