ಮೈಕ್ರೋಬಯಾಲಜಿ ಬಿ.ಎಸ್ಸಿ. ಮಾಡಿದ್ದೇನೆ, ಯಲಹಂಕದ ಪಿಜಿಯಲ್ಲಿದ್ದೇನೆ, ಆಧಾರ್ ಊರಿನ ವಿಳಾಸದ್ದು. ಏರ್‌ಪೋರ್ಟ್ ಕಾರ್ಗೋದ ಕೋಲ್ಡ್ ರೂಮಿನಲ್ಲಿ ಕೆಲಸ ಸಿಕ್ಕಿದೆ. ಚಳಿಗೆ ಆರೋಗ್ಯ ಕೆಡುತ್ತಾ? ಸೇರಲಾ, ಇಲ್ಲ ಒಳ್ಳೆಯ ಪೋಸ್ಟ್ ಸಿಗಲಿ ಅಂತ ಮೊದಲು ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಲಾ?

ಸೇರುವ ಹಿಂದಿನ ದಿನ ನಾನೂ ಚಳಿಯ ಬಗ್ಗೆಯೇ ಕೇಳಿದ್ದೆ. ನಮ್ಮಮ್ಮ ಅಂತೂ ಮಂಕಿ ಕ್ಯಾಪು, ಅಮೃತಾಂಜನ ಎರಡನ್ನೂ ಬ್ಯಾಗಿಗೆ ತುರುಕಿದ್ದಳು. 2016ನೇ ಇಸವಿ, ಬಿ.ಕಾಂ. ಮುಗಿಸಿ ಚಿಂತಾಮಣಿಯಿಂದ ದೇವನಹಳ್ಳಿಗೆ ಬಂದಿದ್ದೆ. ಆ ಕ್ಯಾಪನ್ನು ಒಂದು ದಿನವೂ ಹಾಕಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು. ಹೋದದ್ದು ಚಳಿಯಿಂದಲೇ, ಆದರೆ ಚಳಿ ತಗುಲಿದ್ದು ಒಂದು ಸ್ಕಿಡ್, ಅಂದರೆ ಹಲಗೆಯ ಮೇಲೆ ಪೇರಿಸಿದ ಒಂದು ರಾಶಿ, ಔಷಧಕ್ಕೆ.

ನಮ್ಮಲ್ಲಿ ಔಷಧಕ್ಕೆ ಎರಡು ಕೋಣೆ. ಒಂದು 2ರಿಂದ 8 ಡಿಗ್ರಿಯದು, ಇನ್ನೊಂದು 15ರಿಂದ 25ರದು. ಹೂವು, ತರಕಾರಿಗೆ ಬೇರೆ ಕಡೆ. ಔಷಧದ ಪೆಟ್ಟಿಗೆಯ ಮೇಲೆ ನೀಲಿ ಲೇಬಲ್ ಇರುತ್ತದೆ, ಅದರ ಕೆಳಭಾಗದಲ್ಲಿ ಎಷ್ಟು ಡಿಗ್ರಿ ಅಂತ ಬರೆದಿರುತ್ತಾರೆ. ನಾನು ಆ ರಾತ್ರಿ ನೀಲಿ ನೋಡಿದೆ, ಅಂಕಿ ನೋಡಲಿಲ್ಲ. ಪ್ರೇಮಿಗಳ ದಿನದ ಗುಲಾಬಿ ರಶ್ಶು. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಲಾರಿಗಳು ಸರಕು ಇಳಿಸುವ ಡಾಕ್‌ನಲ್ಲಿ ಸಾಲುಗಟ್ಟಿದ್ದವು. ಹಿಂದಿನ ದಿನದ ಒಂದು ಫ್ಲೈಟ್ ರದ್ದಾಗಿ 15-25ರ ಕೋಣೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಔಷಧ ತಾನೇ, ತಣ್ಣಗಿದ್ದಷ್ಟೂ ಒಳ್ಳೆಯದು ಅಂದುಕೊಂಡು ಫ್ರಾಂಕ್‌ಫರ್ಟ್‌ಗೆ ಹೋಗಬೇಕಿದ್ದ ಸ್ಕಿಡ್ಡನ್ನು 2-8ರ ಕೋಣೆಗೆ ತಳ್ಳಿದೆ. ಆಗ ಹನ್ನೆರಡು ಗಂಟೆ. ಮೂರೂ ಮುಕ್ಕಾಲಿಗೆ ಬಿಲ್ಡಪ್‌ಗೆ, ಅಂದರೆ ವಿಮಾನಕ್ಕೆ ಹೋಗುವ ಸರಕನ್ನು ಜೋಡಿಸಿ ಕಟ್ಟುವುದಕ್ಕೆ, ಪೇಪರ್ ತಾಳೆ ನೋಡುವಾಗ ಲೇಬಲ್ ಮೇಲೆ ಕಣ್ಣು ಬಿತ್ತು: 15ರಿಂದ 25. ಒಳಗಿದ್ದದ್ದು ಚರ್ಮಕ್ಕೆ ಹಚ್ಚುವ ಕ್ರೀಮು.

ಎಚ್‌ಪಿಟಿ, ಅಂದರೆ ಸ್ಕಿಡ್ ಎತ್ತಿ ಕೈಯಲ್ಲಿ ಎಳೆಯುವ ಗಾಡಿ, ತಂದು ಸದ್ದಿಲ್ಲದೆ ಸರಿಯಾದ ಕೋಣೆಗೆ ಸಾಗಿಸಿದೆ. ರಿಜಿಸ್ಟರಿನಲ್ಲಿ ಮೊದಲಿಂದಲೂ ಅಲ್ಲೇ ಇತ್ತು ಅನ್ನುವ ಹಾಗೆ ಬರೆದೆ.

ಇದನ್ನು ಎಷ್ಟು ಸಲ ಹೇಳಿದರೂ ಕೇಳಿದವರು ತಪ್ಪನ್ನು ಬೇರೆ ಕಡೆಯೇ ಹುಡುಕುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ತಪ್ಪು ಕೋಣೆಗೆ ಇಟ್ಟದ್ದೇ ನನ್ನ ತಪ್ಪು ಅಂತ ನಮ್ಮಪ್ಪ ಇವತ್ತಿಗೂ ನಂಬಿದ್ದಾರೆ. ಅದು ಎಲ್ಲ ಕಡೆ ಆಗುತ್ತದೆ, ಅದಕ್ಕಂತಲೇ ಒಂದು ಫಾರಂ ಇದೆ, ಡೀವಿಯೇಷನ್ ರಿಪೋರ್ಟ್ ಅಂತ. ನಾನು ಆ ಹೊತ್ತಿಗೇ ಸೂಪರ್‌ವೈಸರ್‌ನನ್ನು ಎಬ್ಬಿಸಿ ಹೇಳಿದ್ದರೆ ಆತ ಏರ್‌ಲೈನ್‌ಗೂ ಸರಕು ಕಳಿಸುವ ಏಜೆಂಟ್‌ಗೂ ತಿಳಿಸುತ್ತಿದ್ದ, ಏಜೆಂಟ್ ಔಷಧ ಕಂಪನಿಯ ಕ್ವಾಲಿಟಿಯವರಿಗೆ ಫೋನ್ ಮಾಡುತ್ತಿದ್ದ. ತಮ್ಮ ಮಾಲು ಎಷ್ಟು ಡಿಗ್ರಿಯಲ್ಲಿ ಎಷ್ಟು ಗಂಟೆ ತಡೆಯುತ್ತದೆ ಅನ್ನುವ ಲೆಕ್ಕ ಅವರ ಹತ್ತಿರ ಇರುತ್ತದೆ. ನೋಡಿ ‘ಕಳಿಸಿ’ ಅನ್ನುತ್ತಿದ್ದರು, ಇಲ್ಲ ‘ಇಳಿಸಿ’ ಅನ್ನುತ್ತಿದ್ದರು. ಹೆಚ್ಚೆಂದರೆ ಒಂದು ಫ್ಲೈಟ್ ತಪ್ಪುತ್ತಿತ್ತು, ನನಗೊಂದು ಮೆಮೋ ಬರುತ್ತಿತ್ತು.

ನಾನು ಹೇಳಲಿಲ್ಲ. ಕಾಯಂ ಆಗಲು ಹನ್ನೊಂದು ದಿನ ಬಾಕಿ ಇತ್ತು, ಅಷ್ಟೇ ಕಾರಣ. ಜೊತೆಗಿದ್ದ ವಯಸ್ಸಾದ ಲೋಡರ್ ಒಬ್ಬರು, ನಾವೆಲ್ಲ ತಾತ ಅಂತಿದ್ದೆವು, ‘ಬರ್ದಾಕ್ಬುಡು ಮಗಾ, ಬೈಸ್ಕಂಡ್ರೆ ಯಾರೂ ಸಾಯಲ್ಲ’ ಅಂದರು. ನಾನು ಪೆಟ್ಟಿಗೆ ಮುಟ್ಟಿ ನೋಡಿ, ‘ಏನೂ ಆಗಿಲ್ಲ ತಾತ’ ಅಂದೆ. ಕೈಯೇನು ಥರ್ಮಾಮೀಟರಾ? ಅದೂ ಗ್ಲೌಸ್ ಹಾಕಿದ ಕೈ.

ಪೆಟ್ಟಿಗೆಯೊಳಗೆ ಬೆರಳುದ್ದದ ಲಾಗರ್ ಇತ್ತು. ಹತ್ತು ನಿಮಿಷಕ್ಕೊಮ್ಮೆ ಎಷ್ಟು ಡಿಗ್ರಿ ಅಂತ ಗುರುತು ಹಾಕಿಕೊಳ್ಳುತ್ತದೆ, ನಿದ್ದೆಯಿಲ್ಲ, ಮುಲಾಜಿಲ್ಲ. ಫ್ರಾಂಕ್‌ಫರ್ಟ್ ಕಡೆಯವರು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ಬಂದ ಗ್ರಾಫನ್ನು ಆಮೇಲೆ ನನಗೂ ತೋರಿಸಿದರು. ಸಪಾಟಾದ ಹೊಲದ ನಡುವೆ ಬಾವಿ ತೋಡಿದ ಹಾಗಿತ್ತು. ನನ್ನ ಅಕ್ಷರದಲ್ಲಿದ್ದ ರಿಜಿಸ್ಟರ್ ನೋಡಿದರೆ ಬಾವಿಯೇ ಇಲ್ಲ.

ಅಲ್ಲಿಗೆ ಪ್ರಶ್ನೆ ಆ ಮೂರೂ ಮುಕ್ಕಾಲು ಗಂಟೆಯದ್ದಾಗಿ ಉಳಿಯಲಿಲ್ಲ. ನಮ್ಮೂರ ಹಾಲಿನ ಡೇರಿಯಲ್ಲಿ ಹಾಲು ಒಡೆದಿದ್ದರೆ ಅವತ್ತಿನ ಕ್ಯಾನ್ ಮಾತ್ರ ವಾಪಸ್ ಬರುತ್ತದೆ. ನೀರು ಬೆರೆಸಿದ್ದು ಸಿಕ್ಕಿಬಿದ್ದರೆ ಆ ಮನೆಯ ಹಾಲನ್ನು ವರ್ಷಗಟ್ಟಲೆ ಮೂಸಿ ನೋಡುತ್ತಾರೆ. ಆ ತಿಂಗಳು ನಾನು ಸಹಿ ಹಾಕಿದ ಪ್ರತಿ ಸಾಲನ್ನೂ ಸಿಸಿಟಿವಿ ಜೊತೆ ತಾಳೆ ನೋಡಿದರು. ಇಡೀ ಸ್ಕಿಡ್ ನಾಶ ಮಾಡಿದರು. ಆ ಕ್ರೀಮು ಬಹುಶಃ ಚೆನ್ನಾಗಿಯೇ ಇತ್ತು ಅನ್ನುವುದೇ ನನ್ನನ್ನು ಇವತ್ತಿಗೂ ಕಾಡುವುದು. ಇಲ್ಲಿಯವರು ಸುಳ್ಳು ಬರೆಯುತ್ತಾರೆ ಅಂತ ಗೊತ್ತಾದ ಮೇಲೆ ಅದನ್ನು ರೋಗಿಯ ಕೈಗೆ ಕೊಡಲು ಯಾರು ಸಹಿ ಹಾಕುತ್ತಾರೆ? ಎಂಟ್ರಿ ಪಾಸ್ ವಾಪಸ್ ಕೊಟ್ಟು ಶಿಫ್ಟ್ ಬಸ್ಸಿನಲ್ಲಿ ಕೊನೆಯ ಸಲ ಮನೆಗೆ ಬಂದೆ.

ಆಮೇಲೆ ಏಳು ತಿಂಗಳು ಹಣ್ಣು, ತರಕಾರಿ ರಫ್ತು ಮಾಡುವ ಪ್ಯಾಕ್‌ಹೌಸಿನಲ್ಲಿದ್ದೆ. ‘ತಣ್ಣಗಿದ್ದಷ್ಟೂ ಒಳ್ಳೆಯದು’ ಅನ್ನುವ ಭೂತ ಬಿಟ್ಟದ್ದು ಅಲ್ಲಿ. ಬಾದಾಮಿ ಮಾವನ್ನು 12-13 ಡಿಗ್ರಿಗಿಂತ ತೀರ ಕೆಳಗಿಳಿಸಿದರೆ ಸಿಪ್ಪೆ ಕಪ್ಪಾಗುತ್ತದೆ, ನೆಟ್ಟಗೆ ಹಣ್ಣೂ ಆಗುವುದಿಲ್ಲ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟು ನೋಡಿದವರಿಗೆ ಇದು ಗೊತ್ತು. ಗುಲಾಬಿಗೆ 2-4 ಡಿಗ್ರಿ ಬೇಕು, ಆದರೆ ಮಾವಿನ ಪಕ್ಕ ಇಡಬಾರದು, ಹಣ್ಣು ಬಿಡುವ ಎಥಿಲೀನ್‌ಗೆ ಹೂವು ಬೇಗ ಬಾಡುತ್ತದೆ. ಇನ್ಸುಲಿನ್, ಹೆಪಟೈಟಿಸ್ ಬಿ ಲಸಿಕೆಯಂಥವು ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿಸಿದರೂ ಕೆಲಸಕ್ಕೆ ಬರುವುದಿಲ್ಲ.

ಈಗ ನಿಮ್ಮ ಆರೋಗ್ಯದ ಮಾತು. ಜಾಕೆಟ್ ಕೊಡುತ್ತಾರೆ, 2-8ರಲ್ಲಿ ಒಂದು ವಾರಕ್ಕೆ ಒಗ್ಗುತ್ತದೆ. ಮೈನಸ್ 20ರ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ. ಹೆದರಬೇಕಾದ್ದು ಡ್ರೈ ಐಸಿಗೆ. ಮೈನಸ್ 78 ಡಿಗ್ರಿ, ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಹಾಗೇ ಬೊಬ್ಬೆ. ಅದು ಗಟ್ಟಿಯಾದ ಇಂಗಾಲದ ಡೈಆಕ್ಸೈಡ್, ಕರಗಿ ನೀರಾಗುವುದಿಲ್ಲ, ನೇರ ಅನಿಲವಾಗಿ ಕೋಣೆ ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ತಲೆ ಭಾರ ಅನ್ನಿಸಿದರೆ, ಏದುಸಿರು ಬಂದರೆ, ಕೈಯಲ್ಲಿದ್ದದ್ದನ್ನು ಬಿಟ್ಟು ಆಚೆ ಬನ್ನಿ.

ಮತ್ತೆ, ಇದನ್ನು ಚಳಿಯ ಕೆಲಸ ಅಂತ ನೀವು ತಿಳಿದಿರುವುದೇ ಸರಿಯಲ್ಲ. ಮಾಲು ಹೆಚ್ಚಾಗಿ ಕೆಡುವುದು ಕೋಣೆಯಲ್ಲಲ್ಲ, ಡಾಕ್‌ನಿಂದ ವಿಮಾನದ ಹೊಟ್ಟೆಯವರೆಗಿನ ದಾರಿಯಲ್ಲಿ. ಏಪ್ರಿಲ್ ಮಧ್ಯಾಹ್ನ ಕಾಂಕ್ರೀಟಿನ ಮೇಲೆ ಸರಕು ಹೊತ್ತ ಡಾಲಿ ಗಾಡಿ ನಿಂತಿರುತ್ತದೆ, ಫ್ಲೈಟ್ ತಡ, ಬೆಳ್ಳಿ ಬಣ್ಣದ ಥರ್ಮಲ್ ಹೊದಿಕೆಯೊಂದೇ ನೆರಳು. ಎಷ್ಟು ಗಂಟೆಗೆ ಕೋಣೆಯಿಂದ ತೆಗೆದಿರಿ, ಎಷ್ಟಕ್ಕೆ ಲೋಡ್ ಆಯಿತು, ನಡುವೆ ಎಲ್ಲಿತ್ತು: ಇದನ್ನು ಬರೆಯುವುದಕ್ಕೇ ನಿಮಗೆ ಸಂಬಳ.

ಕೋರ್ಸ್ ಬೇಡ. ಆ ‘ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್’ ಪಾಠದಲ್ಲಿ ಟೈ ಕಟ್ಟುವುದು ಕಲಿಸುತ್ತಾರೆ. ಅಪಾಯಕಾರಿ ಸರಕಿನ ಟ್ರೇನಿಂಗನ್ನು ಸೇರಿದ ಮೇಲೆ ಕಂಪನಿಯೇ ಕೊಡಿಸುತ್ತದೆ, ಎರಡು ವರ್ಷಕ್ಕೊಮ್ಮೆ ಹೇಗಿದ್ದರೂ ಅದರ ಪರೀಕ್ಷೆ ಮತ್ತೆ ಬರೆಯಬೇಕು. ನೀವು ಮೈಕ್ರೋಬಯಾಲಜಿ ಬಿ.ಎಸ್ಸಿ. ಅಂದಿದ್ದೀರಿ, ‘ಒಳ್ಳೆಯ ಪೋಸ್ಟ್’ ಅಂದರೆ ನಿಮ್ಮ ಮನಸ್ಸಿನಲ್ಲಿ ಕ್ವಾಲಿಟಿ ಇರಬೇಕು. ಡಾಕ್‌ನಲ್ಲಿ ಒಂದು ಮಳೆಗಾಲ, ಒಂದು ಮಾವಿನ ಸೀಜನ್ ನಿಲ್ಲದೆ ಆ ಕುರ್ಚಿಗೆ ಬಂದವರು ಚೆಕ್‌ಲಿಸ್ಟಿಗೆ ಟಿಕ್ ಹಾಕುತ್ತಾರೆ, ಅಷ್ಟೇ. ಇದು ನನ್ನ ಅಭಿಪ್ರಾಯ, ಬದಲಾಯಿಸುವುದಿಲ್ಲ.

ನನ್ನನ್ನು ಮತ್ತೆ ಯಾರು ತೆಗೆದುಕೊಂಡರು ಅಂತ ಕೇಳಬಹುದು. ಬೇರೆ ಕಂಪನಿ. ಇಂಟರ್‌ವ್ಯೂನಲ್ಲಿ ಈ ಕಥೆ ಪೂರ್ತಿ ಹೇಳಿದೆ. ಆ ಯಜಮಾನರು ಕೇಳಿದ್ದು ಒಂದೇ: ‘ಒಳಗೆ ಎಷ್ಟಕ್ಕೆ ಇಳಿದಿತ್ತು?’ ‘5.4’ ಅಂದೆ. ಬರೆದುಕೊಂಡರು. ಈಗ ಡೀವಿಯೇಷನ್ ಫಾರಂಗಳು ಬರುವುದು ನನ್ನ ಟೇಬಲ್ಲಿಗೆ. ರಾತ್ರಿ ಮೂರಕ್ಕೆ ಫೋನ್ ಬಂದರೆ ಬೈಯುವುದಿಲ್ಲ, ಎದ್ದು ಕೂರುತ್ತೇನೆ.

ಒಂದು ಮರೆತಿದ್ದೆ. ಎಂಟ್ರಿ ಪಾಸಿಗೆ ಪೊಲೀಸ್ ವೆರಿಫಿಕೇಷನ್ ಆಗಬೇಕು. ಆಧಾರ್ ಊರಿನ ವಿಳಾಸದ್ದು, ಇರುವುದು ಯಲಹಂಕದ ಪಿಜಿ ಅಂತ ಬರೆದಿದ್ದೀರಿ. ನನ್ನದು ಇದೇ ಕಾರಣಕ್ಕೆ ಮೂರು ವಾರ ನಿಂತಿತ್ತು, ಪಿಜಿಯವರ ಹತ್ತಿರ ಬಾಡಿಗೆ ಕರಾರು ಈಗಲೇ ಬರೆಸಿಕೊಳ್ಳಿ. ಮತ್ತೆ ಎರಡು ಜೊತೆ ಉಣ್ಣೆ ಕಾಲುಚೀಲ. ಜಾಕೆಟ್ ಕಂಪನಿಯದು, ಕಾಲುಚೀಲ ಯಾರೂ ಕೊಡುವುದಿಲ್ಲ.