ಹತ್ತು ವರ್ಷದ ಡೆಸ್ಕ್‌ಟಾಪ್‌ಗೆ ಐ7 ಮತ್ತು ಗ್ರಾಫಿಕ್ಸ್ ಕಾರ್ಡ್ ಹಾಕಿಸಲೇ, ಮಾರಿ ಹೊಸದನ್ನೇ ಕೊಳ್ಳಲೇ?

ನಾಲ್ಕನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಅಂಗಡಿಯ ಮೂಲೆಯ ಕ್ಯಾಬಿನೆಟ್ಟೇ ಕಣ್ಣೆದುರು ಬಂತು. ನೀವು ಕೊಳ್ಳಬೇಕೆಂದಿರುವ ಎರಡು ವಸ್ತುಗಳನ್ನೇ ನಾನೂ 2018ರಲ್ಲಿ ಕೊಂಡು ತಂದಿದ್ದೆ.

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕೊಬ್ಬರಿ ಮಂಡಿಗಳ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ. ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲು ನುಡಿ ಇದ್ದರೆ ನನ್ನ ಹೊಟ್ಟೆಪಾಡು ನಡೆಯುತ್ತದೆ. 2014ರಲ್ಲಿ ಬಿಡಿಭಾಗ ತಂದು ಜೋಡಿಸಿದ ಯಂತ್ರ ಅದು: ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್. ನಾಲ್ಕೇ ವರ್ಷಕ್ಕೆ ಮುದಿ ಎತ್ತಿನಂತಾಯಿತು. ಫೋಟೋಶಾಪ್ ತೆರೆದುಕೊಳ್ಳುವವರೆಗೆ ಗಿರಾಕಿ ಎದ್ದು ಹೋಗದಿರಲೆಂದು ಚಹಾ ತರಿಸುತ್ತಿದ್ದೆ. ಎದುರು ಹೋಟೆಲಿನವರಿಗೆ ಮಾತ್ರ ಆ ಕಂಪ್ಯೂಟರಿನಿಂದ ಲಾಭವಾಯಿತು.

ಬೇಸಿಗೆ ರಜೆಗೆ ಬಂದ ಅಕ್ಕನ ಮಗ ಒಂದು ದಿನ ನೋಡಿದ. "ಮಾವ, ಈ ಪ್ರೊಸೆಸರ್ ಸಾಲದು. ಐ7 ಹಾಕಿಸಿ, ಜೊತೆಗೆ ಒಂದು ಗ್ರಾಫಿಕ್ಸ್ ಕಾರ್ಡ್ ತನ್ನಿ" ಎಂದ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾರ್ಡ್ ಬೇಕಿದ್ದದ್ದು ಅವನ ಆಟಗಳಿಗೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆ, ಟೌನ್‌ಹಾಲ್ ಬಳಿ ಬಸ್ಸಿಳಿದು ಕಂಪ್ಯೂಟರ್ ಬಿಡಿಭಾಗಗಳ ಎಸ್.ಪಿ. ರಸ್ತೆ ಹೊಕ್ಕೆ. ಬಳಸಿದ ಐ7-4770 ಒಂದು, ಬಳಸಿದ ಜಿಟಿಎಕ್ಸ್ 660 ಒಂದು. ಹದಿಮೂರು ಸಾವಿರ ಕೈಬಿಟ್ಟಿತು.

ಎರಡನ್ನೂ ಕೂರಿಸಿ ಗಡಿಯಾರ ನೋಡುತ್ತಾ ಆನ್ ಮಾಡಿದೆ. ಮೊದಲು ನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಈಗ ಮೂರೂಮುಕ್ಕಾಲು ನಿಮಿಷ!

ಅಷ್ಟಕ್ಕೇ ಮುಗಿದಿದ್ದರೆ ಹದಿಮೂರು ಸಾವಿರಕ್ಕೆ ಬುದ್ಧಿ ಕೊಂಡೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ, ಎಂದರೆ ಕ್ಯಾಬಿನೆಟ್ಟಿನೊಳಗೆ ಎಲ್ಲಕ್ಕೂ ಕರೆಂಟು ಹಂಚುವ ಡಬ್ಬಿಯಿಂದ, ಆರು ಪಿನ್ನುಗಳ ಪ್ರತ್ಯೇಕ ತಂತಿ ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ ಅದು ಇರಲೇ ಇಲ್ಲ. ತಂತಿ ಇಲ್ಲದಿರುವುದೇ "ಇಂಥ ಕಾರ್ಡು ನನ್ನಿಂದಾಗದು" ಎಂದು ಅದು ಕೈಮುಗಿದು ಹೇಳುತ್ತಿದ್ದ ಮಾತು. ನನಗೆ ಕೇಳಿಸಲಿಲ್ಲ. ಹಾರ್ಡ್‌ಡಿಸ್ಕಿಗೆಂದು ಬಿಟ್ಟಿದ್ದ ನಾಲ್ಕು ಪಿನ್ನಿನ ತಂತಿಗೆ ಅರವತ್ತು ರೂಪಾಯಿಯ ಜೋಡಣೆ ತಂತಿ ಸಿಕ್ಕಿಸಿ ಕಾರ್ಡಿಗೆ ಕೊಟ್ಟೆ. ಫ್ಯಾನ್ ತಿರುಗಿತು. ಸಾಧಿಸಿದೆ ಎಂದುಕೊಂಡೆ.

ಐದಾರು ತಿಂಗಳು ಏನೂ ಆಗಲಿಲ್ಲ, ಏಕೆಂದರೆ ಪೇಜ್‌ಮೇಕರ್ ಆ ಕಾರ್ಡಿಗೆ ಕೆಲಸವನ್ನೇ ಕೊಡುತ್ತಿರಲಿಲ್ಲ. ಅಕ್ಟೋಬರಿನಲ್ಲಿ ದಸರೆ ಬಂತು, ಅಕ್ಕನ ಮಗನೂ ಬಂದ. ಆಯುಧಪೂಜೆಯ ದಿನ ಕ್ಯಾಬಿನೆಟ್ಟಿಗೆ ವಿಭೂತಿ, ಕುಂಕುಮ ಹಚ್ಚಿ, ಹೂವಿಟ್ಟು, ಅಂಗಡಿಯ ಬಾಗಿಲು ಎಳೆದು ಮನೆಗೆ ಹೋದೆವು. ರಾತ್ರಿ ಅವನು ಬೀಗದ ಕೈ ತೆಗೆದುಕೊಂಡು ಬಂದು ಆಟಕ್ಕೆ ಕುಳಿತನಂತೆ. ಇಪ್ಪತ್ತು ನಿಮಿಷಕ್ಕೆ ಪಟಾಕಿಯಂಥ ಸದ್ದು, ಸುಟ್ಟ ವಾಸನೆ, ಕತ್ತಲೆ.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಗೆ ಮೊದಲು ಮುಟ್ಟಿದರೆ ಇನ್ನೇನಾಗುತ್ತದೆ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ನನ್ನ ಲೆಕ್ಕ ಬೇರೆ. ಸುಟ್ಟ ಎಸ್‌ಎಂಪಿಎಸ್ ಬಿಚ್ಚಿ ಅದರ ಸ್ಟಿಕ್ಕರನ್ನು ಆಗ ಓದಿದೆ, ನಾಲ್ಕೂವರೆ ವರ್ಷದಲ್ಲಿ ಮೊದಲ ಬಾರಿಗೆ. ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ 12 ವೋಲ್ಟಿನ ಸಾಲಿಗೆ 16 ಆಂಪಿಯರ್. ಎರಡನ್ನೂ ಗುಣಿಸಿ: 192 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಕುಡಿಯುವುದು ಈ 12 ವೋಲ್ಟಿನ ಸಾಲಿನಿಂದಲೇ. ಉಳಿದ ವ್ಯಾಟುಗಳು 5 ಮತ್ತು 3.3 ವೋಲ್ಟಿನ ಸಾಲುಗಳಿಗೆ ಸೇರಿದವು, ಅವುಗಳಿಂದ ಕಾರ್ಡಿಗೆ ಉಪಕಾರವಿಲ್ಲ. ನನ್ನ ಹಳೆಯ ಐ3ಗೆ 54 ವ್ಯಾಟ್ ಸಾಕಾಗಿತ್ತು. ಐ7-4770ಗೆ 84, ಜಿಟಿಎಕ್ಸ್ 660ಗೆ 140. ಒಟ್ಟು 224. ಹಾರ್ಡ್‌ಡಿಸ್ಕಿನ ಮೋಟಾರು, ಫ್ಯಾನುಗಳು ಇದರ ಮೇಲೆ. 192 ವ್ಯಾಟಿನ ಬಾಯಿಂದ 224 ಎಳೆದರೆ ಒಳ್ಳೆಯ ಎಸ್‌ಎಂಪಿಎಸ್ ತಾನಾಗಿಯೇ ಆಫ್ ಆಗುತ್ತದೆ, ಆ ರಕ್ಷಣೆಯನ್ನು ಅದರೊಳಗೇ ಇಟ್ಟಿರುತ್ತಾರೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಎಂಬಂತೆ ಬರುವ ಹೆಸರಿಲ್ಲದ ಡಬ್ಬಿಗಳಲ್ಲಿ ಅದು ಇರುವುದು ಅಪರೂಪ. ಅದು ಸಾಯುವಾಗ ಜೊತೆಗೆ ಇನ್ನಿಬ್ಬರನ್ನು ಕರೆದೊಯ್ಯುತ್ತದೆ. ನನ್ನಲ್ಲಿ ಮದರ್‌ಬೋರ್ಡ್ ಹೋಯಿತು, ಹಾರ್ಡ್‌ಡಿಸ್ಕ್ ಹೋಯಿತು. ಕಾರ್ಡು ಮಾತ್ರ ಬದುಕಿತು, ಪಾಪಿ ಚಿರಾಯು.

ಹಾರ್ಡ್‌ಡಿಸ್ಕಿನಲ್ಲಿದ್ದದ್ದು ಹತ್ತಿರದ ಹಳ್ಳಿಯ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, 120 ಪುಟ. ಬಿಡುಗಡೆ ನವೆಂಬರ್ 1, ರಾಜ್ಯೋತ್ಸವದ ದಿನ. ನಕಲು ಇಟ್ಟಿರಲಿಲ್ಲವೇ ಎನ್ನುತ್ತೀರಿ. ಡಿ ಡ್ರೈವ್‌ನಲ್ಲಿ ಇಟ್ಟಿದ್ದೆ! ಡಿ ಡ್ರೈವ್ ಎಂದರೆ ಅದೇ ಹಾರ್ಡ್‌ಡಿಸ್ಕಿನ ಇನ್ನೊಂದು ಕೋಣೆ. ಪುಣ್ಯಕ್ಕೆ, ಕೆಂಪು ಶಾಯಿಯಲ್ಲಿ ತಿದ್ದಿದ ಪ್ರೂಫ್ ಹಾಳೆಗಳು ನಿವೃತ್ತ ಮೇಷ್ಟ್ರ ಮನೆಯಲ್ಲಿದ್ದವು. ಸ್ನೇಹಿತನ ಅಂಗಡಿ ಮುಚ್ಚಿದ ಮೇಲೆ ಅವನ ಕಂಪ್ಯೂಟರಿನ ಮುಂದೆ ಕುಳಿತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ, ಒಂಬತ್ತು ರಾತ್ರಿ. ಊರಿನವರಿಗೆ ನವರಾತ್ರಿ ಮುಗಿದಿತ್ತು, ನನ್ನದು ಆಗ ಶುರುವಾಯಿತು.

ಆಮೇಲೆ ಹೊಸದನ್ನೇ ಕೊಳ್ಳಲು ದುಡ್ಡಿರಲಿಲ್ಲ. ಬಳಸಿದ ಎಚ್81 ಬೋರ್ಡ್, ನಾಲ್ಕು ಜನ ಬಲ್ಲ ಕಂಪನಿಯ ಹೊಸ ಎಸ್‌ಎಂಪಿಎಸ್, 8 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್ ಬದಲು ಚಿಪ್ಪುಗಳಲ್ಲೇ ಕಡತ ಇಡುವ 240 ಜಿಬಿಯ ಎಸ್‌ಎಸ್‌ಡಿ. ಐ7 ಉಳಿದಿತ್ತು, ಅದನ್ನೇ ಕೂರಿಸಿದೆ. ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ವಿಂಡೋಸ್ ಎದುರಿಗಿತ್ತು. ಇಪ್ಪತ್ತೆರಡು ಸೆಕೆಂಡು. ಇಷ್ಟು ವರ್ಷ ನಾನು ಪ್ರೊಸೆಸರನ್ನು ಬೈದದ್ದು ಸುಳ್ಳು ಆಪಾದನೆಯಾಗಿತ್ತು.

ಆದ್ದರಿಂದ ಹಳೆಯದೋ ಹೊಸದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಯಂತ್ರ ನಿಧಾನವಾಗಿರುವುದು ವಯಸ್ಸಿನಿಂದಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಡಿಸ್ಕ್ ಎಂಬ ಕಡೆ 100 ಪ್ರತಿಶತ ಎಂದು ನಿಂತಿರುತ್ತದೆ, ಪ್ರೊಸೆಸರ್ ಹತ್ತು ಹದಿನೈದರಲ್ಲಿ ತೂಕಡಿಸುತ್ತಿರುತ್ತದೆ. ಹಾರ್ಡ್‌ಡಿಸ್ಕಿನ ಮುಳ್ಳು ಒಂದೊಂದು ಕಡತ ಹುಡುಕಲು ಸುಮಾರು ಹತ್ತು ಮಿಲಿಸೆಕೆಂಡು ಓಡಾಡುತ್ತದೆ. ಕಂಪ್ಯೂಟರ್ ಎದ್ದೇಳುವಾಗ ಹುಡುಕಬೇಕಾದ ಚೂರುಗಳು ಸಾವಿರಾರು. ಎಸ್‌ಎಸ್‌ಡಿಯಲ್ಲಿ ಓಡಾಡುವ ಮುಳ್ಳೇ ಇಲ್ಲ.

ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೊಳ್ಳಿ, ಹಾರ್ಡ್‌ಡಿಸ್ಕಿನ ತಂತಿಗಳೇ ಅದಕ್ಕೂ ಕೂರುತ್ತವೆ. ಅಂಗಡಿಯವನು ಕಡ್ಡಿಯಂಥ ಎಂ.2 ತೋರಿಸಿದರೆ ಬೇಡ ಎನ್ನಿ, ಆ ಕಾಲದ ಎಚ್81 ಬೋರ್ಡಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವಿರುವುದಿಲ್ಲ. ನಿಮ್ಮದೂ ಎಚ್81 ಆಗಿದ್ದರೆ ನಾಲ್ಕು ಸಾಟಾ ಕಿಂಡಿಗಳಲ್ಲಿ ಎರಡು ಮಾತ್ರ 6 ಗಿಗಾಬಿಟ್ ವೇಗದವು. ಎಸ್‌ಎಸ್‌ಡಿ ಅಲ್ಲಿಗೇ ಹೋಗಲಿ. ರ‍್ಯಾಮ್ ಡಿಡಿಆರ್3 ಇರಬೇಕು, ಡಿಡಿಆರ್4ರ ಕಚ್ಚು ಬೇರೆ ಕಡೆ ಇರುವುದರಿಂದ ಒತ್ತಿದರೂ ಕೂರುವುದಿಲ್ಲ. ಇನ್ನೊಂದು ವಿಷಯ: ನಿಮ್ಮ ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿದ ರ‍್ಯಾಮ್ ಸುಮ್ಮನೆ ಕುಳಿತಿರುತ್ತದೆ, 64 ಬಿಟ್ ಹಾಕಿಸಿ. ಪ್ರತಿ ಬಾರಿ ಆನ್ ಮಾಡಿದಾಗ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿ ಬದಲಿಸಿ. ಅದೊಂದಕ್ಕಾಗಿ ಕಂಪ್ಯೂಟರನ್ನೇ ಗುಜರಿಗೆ ಹಾಕಿದವರನ್ನು ಕಂಡಿದ್ದೇನೆ.

ವಿಂಡೋಸ್ 11 ಮಾತ್ರ ಈ ಪ್ರೊಸೆಸರಿಗೆ ಅಧಿಕೃತವಾಗಿ ಸಿಗುವುದಿಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರು ಬೇಕು, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಎಂದರೆ ಭದ್ರತೆಯ ತಿದ್ದುಪಡಿಗಳು ತಾವಾಗಿಯೇ ಬರುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೇ ನನ್ನ ಅಂಗಡಿಯ ಯಂತ್ರದಿಂದ ಇಂಟರ್ನೆಟ್ ತಂತಿಯನ್ನೇ ಕಿತ್ತಿದ್ದೇನೆ, ಕಡತಗಳು ಪೆನ್‌ಡ್ರೈವ್‌ನಲ್ಲಿ ಬರುತ್ತವೆ, ಹೋಗುತ್ತವೆ. ಮಗಳ ಕಾಲೇಜು ಕೆಲಸಕ್ಕೆ ಎಂದಿದ್ದೀರಿ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ಕೊಡಿ. ಒಂದು ವಾರ ಗೊಣಗುತ್ತಾಳೆ, ಆಮೇಲೆ ನಿಮಗೇ ಕಲಿಸುತ್ತಾಳೆ. ವಿಂಡೋಸ್ 11 ಇಲ್ಲದೆ ನಡೆಯದ ತಂತ್ರಾಂಶ ಅವಳಿಗೆ ಬೇಕೇಬೇಕಿದ್ದರೆ ಮಾತ್ರ ಹೊಸದು ಕೊಳ್ಳಿ. ಆಗ ಇದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಏನೇ ತರುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ಹಲಗೆ ಬಿಚ್ಚಿ, ಎಸ್‌ಎಂಪಿಎಸ್ ಸ್ಟಿಕ್ಕರಿನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆಯೆಂದು ಇಲ್ಲೇ ಕೆಳಗೆ ಬರೆಯಿರಿ. ಲೆಕ್ಕ ಹಾಕಿ ಹೇಳುತ್ತೇನೆ. ಆ ಜಿಟಿಎಕ್ಸ್ 660 ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಅಕ್ಕನ ಮಗ ಪ್ರತಿ ದಸರೆಗೂ ಬಂದು ಕೇಳುತ್ತಾನೆ. ಇನ್ನೂ ಕೊಟ್ಟಿಲ್ಲ.